ವಜ್ರದ ಮೊನೆ, ಗಾಜಿನ ಗೆರೆ: ಹಾಲೆಂಡಿನ ವಿದುಷಿಯರ ಒಂದು ಕಲೆ

ಹದಿನೇಳನೆಯ ಶತಮಾನದ ಹಾಲೆಂಡಿನ ಕಲೆಯೆಂದೊಡನೆ ರೆಂಬ್ರಾಂಟ್, ವರ್ಮೀರ್ ಮೊದಲಾದ ವರ್ಣಚಿತ್ರಕಾರರೇ ನಮ್ಮ ಸ್ಮರಣೆಗೆ ಬರುವರು. ಅದೇ ಶತಮಾನದಲ್ಲಿ ಆಮ್‌ಸ್ಟರ್‌ಡಾಮಿನ ಸೋದರಿಯರಾದ ಆನಾ ರೂಮರ್ಸ್ ವಿಸ್ಸರ್ ಮತ್ತು ಮರಿಯಾ ಟೆಸೆಲ್‌ಸ್ಖಾಡ, ಉಟ್ರೆಕ್ಟಿನ ಆನಾ ಮರಿಯಾ ಫಾನ್ ಸ್ಖೂರ್ಮನ್ ಇವರು ವಜ್ರದ ಮೊನೆಯಿಂದ ಗಾಜನ್ನು ಗೀರಿ ಚಿತ್ರಗಳನ್ನೂ ಸುಂದರಾಕ್ಷರಗಳನ್ನೂ ಮೂಡಿಸಿದರು. ಇದನ್ನು ಸಿರಿವಂತ ಸ್ತ್ರೀಯರ ಬಿಡುವಿನ ವಿನೋದವೆಂದು ಬದಿಗೊತ್ತುವ ರೂಢಿಯುಂಟು. ಈ ತೀರ್ಪನ್ನು ನಾವು ಒಪ್ಪಲಾರೆವು.

ಮೊದಲು ಕೃತಿಯನ್ನೇ ನೋಡೋಣ. ಆನಾ 1621ರಲ್ಲಿ ಕೊರೆದ ಪಾನಪಾತ್ರೆಯೊಂದು ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮಿನಲ್ಲಿದೆ. ಅದರ ಮೇಲೆ ಹೂಗಳೂ ಕೀಟಗಳೂ ಇವೆ. ಜೊತೆಗೆ ಇಟಾಲಿಯನ್ ಪದ್ಯವೂ ಇದೆ. ಗಾಜಿನ ಮೇಲೆ ಒಮ್ಮೆ ಬಿದ್ದ ಗೆರೆಯನ್ನು ಅಳಿಸಲಾಗದು; ದುಂಡನೆಯ ಮೈಯಲ್ಲಿ ಮೊನೆ ಜಾರುವುದೂ ಸುಲಭ. ದೃಢವಾದ ಕೈ, ಪ್ರಕೃತಿಯ ಸೂಕ್ಷ್ಮ ಪರಿಶೀಲನೆ, ಭಾಷಾಜ್ಞಾನ ಇವು ಮೂರೂ ಇಲ್ಲಿ ಕೂಡಿವೆ. ಟೆಸೆಲ್‌ಸ್ಖಾಡ ಟಾಸೊ ಕವಿಯ ಮಹಾಕಾವ್ಯದ ಅನುವಾದಕ್ಕೆ ತೊಡಗಿದ್ದವಳು. ಸ್ಖೂರ್ಮನ್ 1636ರಲ್ಲಿ ಆರಂಭವಾದ ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ, ವಿದ್ಯಾರ್ಥಿಗಳ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳಿತು ಉಪನ್ಯಾಸಗಳನ್ನು ಕೇಳಿದವಳು. ಲೇಖನಿಗೂ ವಜ್ರಕ್ಕೂ ಇವರಲ್ಲಿ ಭೇದವಿರಲಿಲ್ಲವೆಂದೇ ನಮಗೆ ತೋರುತ್ತದೆ.

ಲೈಡನ್ನಿನ ಬಟ್ಟೆ ವ್ಯಾಪಾರಿ ವಿಲೆಮ್ ಫಾನ್ ಹೇಮ್ಸ್‌ಕೆರ್ಕ್ (1613–1692) ಕೂಡ ಬಿಡುವಿನಲ್ಲಿಯೇ ಗಾಜಿನ ಮೇಲೆ ಸುಂದರಾಕ್ಷರಗಳನ್ನು ಕೊರೆದವನು. ಅವನ ಬಿಡುವಿನ ಕೆಲಸವನ್ನು ಕಲೆಯೆಂದು ಗಣಿಸಿ, ಇವರ ಬಿಡುವಿನ ಕೆಲಸವನ್ನು ಕಾಲಹರಣವೆನ್ನುವುದು ಯಾವ ನ್ಯಾಯ?

ಆದರೆ ಪ್ರತಿವಾದದ ಹುಮ್ಮಸ್ಸಿನಲ್ಲಿ ಇವರನ್ನು ವೃತ್ತಿಕಲಾವಿದೆಯರೆಂದು ಕರೆಯುವುದೂ ಸರಿಯಲ್ಲ. ಇಂತಹ ಪಾತ್ರೆಗಳು ಹೋಫ್ಟ್, ಹೈಗೆನ್ಸ್ ಮೊದಲಾದ ಕವಿಗಳಿದ್ದ ಸ್ನೇಹವಲಯದ ಉಡುಗೊರೆಗಳು, ಅಂಗಡಿಯ ಸರಕಲ್ಲ. ಸೋದರಿಯರ ತಂದೆ ಧಾನ್ಯವ್ಯಾಪಾರಿ, ಸ್ವತಃ ಕವಿ; ಆ ಅನುಕೂಲ ಎಲ್ಲ ಡಚ್ ಹೆಣ್ಣುಮಕ್ಕಳಿಗೂ ಇರಲಿಲ್ಲ. ಮೂವರ ನಿದರ್ಶನದಿಂದ ಇಡೀ ಸ್ತ್ರೀಸಮಾಜದ ಸ್ಥಿತಿಯನ್ನು ನಿರ್ಣಯಿಸಲಾಗದು.

ಇಲ್ಲಿ ಇತಿಹಾಸದ ವಿದ್ಯಾರ್ಥಿಗೆ ಒಂದು ಪಾಠವುಂಟು. ಮಾರಾಟವಾದ ಚಿತ್ರಕ್ಕೆ ಕರಾರು, ಲೆಕ್ಕ, ವೃತ್ತಿಸಂಘದ ದಾಖಲೆ ಉಳಿಯಬಹುದು. ಕೊಟ್ಟ ಉಡುಗೊರೆಗೆ ಅಂತಹ ಲೆಕ್ಕವಿಲ್ಲ. ಲೆಕ್ಕದ ಪುಸ್ತಕವೊಂದನ್ನೇ ನಂಬಿ ಕಲೆಯ ಚರಿತ್ರೆಯನ್ನು ಬರೆದರೆ ಮನೆಯೊಳಗೆ ನಡೆದ ಸಾಧನೆ ತಾನಾಗಿಯೇ ಬಿಟ್ಟುಹೋಗುತ್ತದೆ. ಆ ಕೊರತೆ ನಮ್ಮ ಅಳತೆಗೋಲಿನದು, ಆ ಕೈಗಳದಲ್ಲ.