ಬೋರ್ಡಿನ ಮೇಲೆ ವೈನ್ಸ್, ಒಳಗೆ ಕ್ವಾರ್ಟರ್

ಕಿತ್ತೂರಿನಿಂದ ರಾಮದುರ್ಗದವರೆಗೆ ಯಾವ ರಸ್ತೆ ಹಿಡಿದು ಹೋದರೂ ‘ವೈನ್ಸ್’ ಅಂತ ಬರೆದ ಬೋರ್ಡು ಕಾಣದೆ ಒಂದು ಊರು ದಾಟುವುದು ಕಷ್ಟ. ದೇವರ ಹೆಸರು, ಇಲ್ಲವೇ ಮಾಲೀಕರ ಮಗಳ ಹೆಸರು, ಪಕ್ಕದಲ್ಲಿ ವೈನ್ಸ್. ಒಳಗೆ ಹೋಗಿ ವೈನ್ ಕೇಳಿ ನೋಡಿ. ಬೈಲಹೊಂಗಲದ ಒಂದು ಅಂಗಡಿಯಲ್ಲಿ ನಾನು ಕೇಳಿದೆ.

“ವೈನ್ ಐತೇನ್ರಿ?”

“ಐತ್ರಿ ಸರ. ಯಾವ್ದು ಕೊಡ್ಲಿ, ಓಸಿನೋ ಬಿಪಿನೋ?”

“ಅವು ವಿಸ್ಕಿ ಅಲ್ರಿ. ವೈನು, ದ್ರಾಕ್ಷಿದು.”

“ದ್ರಾಕ್ಷಿ ಬೇಕಂದ್ರ ಬಾಜಾರಕ್ಕ ಹೋಗ್ಬೇಕ್ರಿ.”

ಹುಡುಗ ಗೇಲಿ ಮಾಡಿದ್ದಲ್ಲ, ಸಹಾಯ ಮಾಡಿದ್ದು. ಅವನ ಲೆಕ್ಕದಲ್ಲಿ ವೈನ್ಸ್ ಅನ್ನೋದು ಅಂಗಡಿಯ ಜಾತಿ, ಕಿರಾಣಿ ಇದ್ದ ಹಾಗೆ. ಅದರೊಳಗೆ ಏನಿರಬೇಕು ಅನ್ನುವುದನ್ನು ಬೋರ್ಡು ಹೇಳುವುದಿಲ್ಲ.

ನನ್ನ ಹೆಂಡತಿಯ ತವರು ಬೈಲಹೊಂಗಲ. ಹಾಗಾಗಿ ಈ ನಾಲ್ಕು ತಾಲ್ಲೂಕುಗಳ ಸುತ್ತಾಟ ನನಗೆ ವರ್ಷಕ್ಕೆ ಎರಡು ಮೂರು ಸಲ ತಪ್ಪಿದ್ದಲ್ಲ. ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ, ಬನದ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡ, ರಾಮದುರ್ಗದಲ್ಲಿ ಯಾರದೋ ಮದುವೆ. ಬೆಂಗಳೂರಿನ ಗೆಳೆಯರು ಕೇಳುತ್ತಾರೆ, ಸಂಜೆ ಹೊತ್ತು ಅಲ್ಲಿ ಕೂತು ಒಂದು ಗ್ಲಾಸ್ ವೈನ್ ಕುಡಿಯೋಕೆ ಜಾಗ ಇದೆಯಾ ಅಂತ. ಹೋಟೆಲ್ ವಿಮರ್ಶೆ ಬರೆಯುವವರು ಇಂದಿರಾನಗರ, ಕೋರಮಂಗಲ ಬಿಟ್ಟು ಆಚೆ ಹೋಗುವುದಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಮೊದಲು ಲೈಸೆನ್ಸಿನ ಮಾತು, ಬೇಗ ಮುಗಿಸುತ್ತೇನೆ. ನಮ್ಮ ರಾಜ್ಯದಲ್ಲಿ ಸಿಎಲ್-2 ಅಂದರೆ ಚಿಲ್ಲರೆ ಅಂಗಡಿ. ಸೀಲ್ ಮಾಡಿದ ಬಾಟಲಿ ತಗೊಂಡು ಹೋಗಬೇಕು, ಅಲ್ಲಿ ಕುಡಿಯುವಂತಿಲ್ಲ. ‘ವೈನ್ಸ್’ ಬೋರ್ಡಿನವು ಹೆಚ್ಚಾಗಿ ಇವೇ. ಸಿಎಲ್-9 ಅಂದರೆ ಬಾರ್ ಆಂಡ್ ರೆಸ್ಟೋರೆಂಟ್, ಸಿಎಲ್-7 ಅಂದರೆ ರೂಮು ಕೊಡುವ ಲಾಡ್ಜ್. ಎಲ್ಲರಿಗೂ ಮಾಲು ಬರುವುದು ಒಂದೇ ಕಡೆಯಿಂದ, ಸರ್ಕಾರದ ಪಾನೀಯ ನಿಗಮದ ಡಿಪೋದಿಂದ. ಅಂದರೆ ಡಿಪೋದಲ್ಲಿ ವೈನ್ ಇದ್ದರೆ ಬೈಲಹೊಂಗಲದ ಮಾಲೀಕರೂ ಇಂಡೆಂಟ್ ಹಾಕಿ ತರಿಸಬಹುದು. ತರಿಸುವುದಿಲ್ಲ, ಅಷ್ಟೇ.

ಯಾಕೆ ತರಿಸುವುದಿಲ್ಲ ಅನ್ನೋದಕ್ಕೆ ಕೂತು ಕುಡಿಯುವ ಕೋಣೆಯನ್ನೇ ನೋಡಬೇಕು. ನಾನು ಕಂಡ ಸಿಎಲ್-9ಗಳಲ್ಲಿ ಹೆಚ್ಚಿನವು ಹಗಲು ಹನ್ನೆರಡಕ್ಕೂ ಕತ್ತಲು. ಕಿಟಕಿಗೆ ಕಪ್ಪು ಹಾಳೆ, ಬಾಗಿಲಿಗೆ ಪರದೆ, ಒಳಗೆ ಪ್ಲೈವುಡ್ಡಿನ ಕ್ಯಾಬಿನ್ನು. ಪಕ್ಕದ ಟೇಬಲ್ಲಿನವನ ಮುಖ ಕಾಣಬಾರದು, ನಮ್ಮದು ಅವನಿಗೆ ಕಾಣಬಾರದು. ಇಡೀ ಕೋಣೆ ಕಟ್ಟಿರುವುದೇ ಅಡಗಿಕೊಳ್ಳಲಿಕ್ಕೆ. ಅಡಗಿ ಕುಡಿಯುವವನಿಗೆ ಟೈಮಿಲ್ಲ. ಶೇಕಡ 42.8 ಆಲ್ಕೋಹಾಲಿನ 90 ಎಂ.ಎಲ್. ಟೆಟ್ರಾ ಪ್ಯಾಕು ಹತ್ತು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಶೇಕಡ 12-13ರ ವೈನಿಗೆ ಮುಕ್ಕಾಲು ಗಂಟೆ ಬೇಕು, ಮಾತಿಗೊಬ್ಬ ಬೇಕು, ಬಣ್ಣ ನೋಡಲಿಕ್ಕಾದರೂ ಒಂದು ಬಲ್ಬು ಬೇಕು. ಈ ಕೋಣೆಗಳಲ್ಲಿ ವೈನ್ ಇಲ್ಲದಿರುವುದು ಕೊರತೆಯಲ್ಲ, ಕೋಣೆಯ ಸ್ವಭಾವ.

ಸಿಎಲ್-2 ಅಂಗಡಿಯ ಗಿರಾಕಿಯ ಪಾಡು ಇನ್ನೂ ಕೆಟ್ಟದ್ದು. ಒಳಗೆ ಕುಡಿಯುವಂತಿಲ್ಲ, ಮನೆಗೆ ಒಯ್ಯುವಂತಿಲ್ಲ. ಹಾಗಾಗಿ ಗಟಾರದ ಪಕ್ಕ ನಿಂತು, ನೀರಿನ ಪಾಕೀಟು ಹಲ್ಲಲ್ಲಿ ಹರಿದು, ಗಟಗಟ ಇಳಿಸಿ ಹೊರಡುತ್ತಾನೆ. ಹೆದ್ದಾರಿ ಪಕ್ಕದ ಮದ್ಯದಂಗಡಿಗಳನ್ನು ಸುಪ್ರೀಂ ಕೋರ್ಟ್ 2016ರಲ್ಲಿ 500 ಮೀಟರ್ ಆಚೆ ಸರಿಸಲು ಹೇಳಿದಾಗ ಅಂತರದ ಬಗ್ಗೆ ಎಷ್ಟೊಂದು ಚರ್ಚೆ ಆಯಿತು. ಅಂಗಡಿ ಎಲ್ಲಿರಬೇಕು ಅಂತ ಎಲ್ಲರೂ ಅಳೆದರು. ಕುಡಿಯುವವನು ಎಲ್ಲಿ ಕೂರಬೇಕು ಅಂತ ಯಾರೂ ಕೇಳಲಿಲ್ಲ.

ಸವದತ್ತಿಯಲ್ಲಿ ಒಂದು ಅಂಗಡಿಯಲ್ಲಿ ನಿಜವಾದ ವೈನ್ ಸಿಕ್ಕಿತು. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿ, ಮೇಲಿನ ಹಲಗೆ, ದಿನಾ ಸಂಜೆ ಬಿಸಿಲು ಬೀಳುವ ಜಾಗ. ಅಲ್ಲಿ ಗಣಪತಿ ಫೋಟೋದ ಪಕ್ಕ ಎರಡು ಬಾಟಲಿ ನಿಂತಿದ್ದವು, ಮೈತುಂಬ ಧೂಳು. ಕೆಳಗಿಳಿಸಿ ನೋಡಿದರೆ ಬಿಳಿ ವೈನು, ತುಂಬಿ ನಾಲ್ಕು ವರ್ಷ. ಹಳೆಯದಾದಷ್ಟೂ ವೈನ್ ರುಚಿ ಅನ್ನುವ ಮಾತು ನಮ್ಮ ಸಿನಿಮಾಗಳು ಕಲಿಸಿದ್ದು. ದಿನಬಳಕೆಯ ಬಿಳಿ ವೈನನ್ನು ವರ್ಷ ಎರಡು ವರ್ಷದಲ್ಲಿ ಕುಡಿದು ಮುಗಿಸಬೇಕು, ಅದೂ ತಂಪಾದ ಕತ್ತಲಲ್ಲಿ ಇಟ್ಟಿದ್ದರೆ. ಸವದತ್ತಿಯ ಏಪ್ರಿಲ್ ಬಿಸಿಲು ನಾಲ್ಕು ಸಲ ಬಡಿದ ಮೇಲೆ ಅದರಲ್ಲಿ ಉಳಿದಿದ್ದು ಬೇಯಿಸಿದ ಸೇಬಿನ ವಾಸನೆ ಮತ್ತು ಹುಳಿ. ದುಡ್ಡು ಕೊಟ್ಟೆ, ಎರಡು ಗುಟುಕು ಕುಡಿದೆ, ಉಳಿದದ್ದು ಚೆಲ್ಲಿದೆ. ಅಂಗಡಿಯವರ ಮೇಲೆ ಸಿಟ್ಟಿಲ್ಲ. ಅವರಿಗೆ ಅದು ಶೋ ಪೀಸ್. ಬೋರ್ಡಿನ ಮಾತು ಸುಳ್ಳಾಗಬಾರದು ಅಂತ ಇಟ್ಟಿದ್ದಿರಬಹುದು.

ತಮಾಷೆ ಏನು ಗೊತ್ತಾ, ದ್ರಾಕ್ಷಿ ಇಲ್ಲಿಂದ ದೂರವೇನಿಲ್ಲ. ವಿಜಯಪುರ ಜಿಲ್ಲೆಯ ತೋಟಗಳು ರಾಮದುರ್ಗದಿಂದ ಮೂರು ಗಂಟೆಯ ದಾರಿ. ನಮ್ಮದೇ ಬೆಳಗಾವಿ ಜಿಲ್ಲೆಯ ಅಥಣಿ ಕಡೆಯೂ ಬಳ್ಳಿಗಳಿವೆ. ಹೆಚ್ಚಿನದು ಥಾಮ್ಸನ್ ಸೀಡ್‌ಲೆಸ್, ಒಣಗಿ ಒಣದ್ರಾಕ್ಷಿಯಾಗಿ ಹೋಗುತ್ತದೆ. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಅಂತ ತಂದಿತು. ಆಮೇಲೆ ದ್ರಾಕ್ಷಾರಸ ಮಂಡಳಿ ಬಂತು, ಕೃಷ್ಣಾ ಕಣಿವೆ ವೈನ್ ವಲಯ ಅನ್ನುವ ಹೆಸರು ಬಂತು, ವೈನ್ ಮಾತ್ರ ಮಾರುವ ಬುಟೀಕು, ಟಾವರ್ನುಗಳಿಗೆ ಬೇರೆ ಲೈಸೆನ್ಸ್ ಬಂತು. ಅದೇ 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಒಂದೇ ವರ್ಷ, ಎರಡು ತೀರ್ಮಾನ. ಸಾರಾಯಿ ಕುಡಿಯುತ್ತಿದ್ದ ಕೂಲಿಯವನ ಕೈಗೆ ಬಂದದ್ದು ಅಗ್ಗದ ವಿಸ್ಕಿಯ ಪಾಕೀಟು. ವೈನ್ ನೀತಿಯ ಬಾಟಲಿ ಹೋದದ್ದು ಬೆಂಗಳೂರಿನ ಹೋಟೆಲ್ಲಿಗೆ. ನಡುವಿನ ಊರುಗಳಿಗೆ, ಅಂದರೆ ಒಬ್ಬ ಮೇಷ್ಟ್ರು, ಒಬ್ಬ ಬ್ಯಾಂಕಿನವಳು, ಒಬ್ಬ ಅಡತಿ ಅಂಗಡಿಯ ಗುಮಾಸ್ತ ಇರುವ ಬೈಲಹೊಂಗಲದಂಥ ಊರಿಗೆ, ಎರಡೂ ಕಡೆಯಿಂದ ಏನೂ ಬರಲಿಲ್ಲ.

ಇಷ್ಟು ಹೇಳುವಾಗ ನಮ್ಮ ಅತ್ತೆಯ ಮಾತು ಬಿಟ್ಟರೆ ತಪ್ಪಾಗುತ್ತದೆ. ನಾನು ವೈನ್ ಬಾರ್ ಬಗ್ಗೆ ಬರೆಯುತ್ತೇನೆ ಅಂದಾಗ ಅವರು ಹೇಳಿದ್ದು: “ಅಳಿಯಾರ, ನಿಮ್ಮ ವೈನು ನಿಮಗಿರ್ಲಿ. ನಮ್ಮ ಓಣ್ಯಾಗ ಸಂಜಿ ಆರಕ್ಕ ಬೀಳ್ತಾರಲ್ಲ, ಅವರ ಮನ್ಯಾಗಿನ ಹೆಣ್ಮಕ್ಕಳಿಗೆ ಏನ್ ಹೇಳ್ತೀರಿ?” 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಮಾಡಿ ಅಂತ ನಡೆದು ಬಂದಾಗ, ನಾವು ಆಫೀಸಿನ ಕಿಟಕಿಯಿಂದ ಟ್ರಾಫಿಕ್ ಜಾಮ್ ನೋಡಿದ್ದೆವು. ಅವರಿಗೆ ‘ಚೆನಿನ್ ಬ್ಲಾಂಕ್ ಕುಡಿಯಿರಿ’ ಅನ್ನುವುದು ಅಸಹ್ಯ. ನಾನು ಹಾಗೆ ಹೇಳುತ್ತಿಲ್ಲ. ಕ್ವಾರ್ಟರಿನವನನ್ನು ವೈನು ಬಿಡಿಸುವುದಿಲ್ಲ, ಬೆಲೆಯಲ್ಲೇ ಸೋಲುತ್ತದೆ. ಆದರೆ ಅತ್ತೆ ದ್ವೇಷಿಸುವ ಆ ಕತ್ತಲ ಕೋಣೆ ಮತ್ತು ನಾನು ದೂರುವ ಕತ್ತಲ ಕೋಣೆ ಒಂದೇ. ಹೆಣ್ಣುಮಕ್ಕಳು ಹೆಜ್ಜೆ ಇಡಲಾಗದ, ಯಾರೂ ಯಾರನ್ನೂ ನೋಡದ, ಊಟಕ್ಕಿಂತ ಮೊದಲು ಹೊಟ್ಟೆಗೆ ಬೆಂಕಿ ಸುರಿದುಕೊಳ್ಳುವ ಕೋಣೆ.

ಹಾಗಾದರೆ ಒಳ್ಳೆಯ ವೈನ್ ಬಾರ್ ಹೇಗಿರಬೇಕು? ಬೆಂಗಳೂರಿನದರ ನಕಲು ಬೇಡವೇ ಬೇಡ. ಅಲ್ಲಿ ಒಂದು ಗ್ಲಾಸಿಗೆ ಕೊಡುವ ದುಡ್ಡಿಗೆ ಅಂಗಡಿಯಲ್ಲಿ ಒಂದು ಬಾಟಲಿ ಬರುತ್ತದೆ, ಮೇಲೆ ಮೂರು ಆಲಿವ್ ಕಾಯಿ ಮತ್ತು ಒಬ್ಬ ಹುಡುಗನ ಭಾಷಣ. ನನ್ನ ಕಣ್ಣಿಗೆ ಬೀಳುವ ಮಾದರಿ ಈ ಊರುಗಳಲ್ಲೇ ಇದೆ: ಖಾನಾವಳಿ. ಟ್ಯೂಬ್‌ಲೈಟಿನ ಬೆಳಕು, ಒರೆಸಿದ ಟೇಬಲ್ಲು, ತುಂಬಿಟ್ಟ ನೀರಿನ ತಂಬಿಗೆ, ‘ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ’ ಅಂತ ಕೇಳುವ ದನಿ. ಗಂಡ ಹೆಂಡತಿ ಮಕ್ಕಳು ಬಂದು ಉಣ್ಣುತ್ತಾರೆ, ಒಂಟಿ ಹೆಂಗಸೂ ಬಂದು ಉಣ್ಣುತ್ತಾಳೆ. ಅದಕ್ಕೊಂದು ಫ್ರಿಜ್ಜು, ಅದರಲ್ಲಿ ಆರು ಬಾಟಲಿ ಇದ್ದರೆ ಸಾಕು.

ಊಟವೂ ಹೊಂದುತ್ತದೆ, ಇದನ್ನು ಮನೆಯಲ್ಲಿ ಮಾಡಿ ನೋಡಿಯೇ ಹೇಳುತ್ತಿದ್ದೇನೆ. ನಮ್ಮವರು ವೈನ್ ಅಂದರೆ ಕೆಂಪು ಅಂತ ತಿಳಿದು, ಕ್ಯಾಬರ್ನೆ ತಂದು ಸಾವಜಿ ಮಟನ್ ಜೊತೆ ಕುಡಿದು, ‘ಏನಿದು ಕಹಿ’ ಅಂತ ಬಿಟ್ಟುಬಿಡುತ್ತಾರೆ. ಕೆಂಪು ವೈನಿನ ಟ್ಯಾನಿನ್, ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿಯುತ್ತದಲ್ಲ ಆ ಒಗರು, ಖಾರದ ಉರಿಯನ್ನು ಇಮ್ಮಡಿ ಮಾಡುತ್ತದೆ. ಖಾರಕ್ಕೆ ಬೇಕಾದ್ದು ತಂಪು, ಸ್ವಲ್ಪ ಸಿಹಿ, ಕಡಿಮೆ ಆಲ್ಕೋಹಾಲು. ಅರೆಸಿಹಿಯ ಚೆನಿನ್ ಬ್ಲಾಂಕನ್ನು ಚೆನ್ನಾಗಿ ತಣಿಸಿ, ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಜೊತೆ ಕುಡಿದು ನೋಡಿ. ಶೇಂಗಾದ ಎಣ್ಣೆಯಂಶವನ್ನು ಅದರ ಹುಳಿ ಕತ್ತರಿಸುತ್ತದೆ, ಖಾರವನ್ನು ಸಿಹಿ ಸಮಾಧಾನ ಮಾಡುತ್ತದೆ. ಝುಣಕದ ಜೊತೆ ಇನ್ನೂ ಚೆನ್ನ. ಸಾವಜಿಗೇ ಕೆಂಪು ಬೇಕು ಅಂತ ಹಟ ಇದ್ದರೆ ಹಗುರವಾದ ಶಿರಾಜು, ಅದನ್ನೂ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು. ರೂಮ್ ಟೆಂಪರೇಚರ್ ಅನ್ನುವುದು ಯುರೋಪಿನ ತಣ್ಣನೆಯ ರೂಮಿನ ಮಾತು. ಮೇ ತಿಂಗಳ ರಾಮದುರ್ಗದ ರೂಮಿನದಲ್ಲ.

ಉಳಿದ ವೈನ್ ಕೆಡುತ್ತದೆ ಅನ್ನುವುದು ಮಾಲೀಕರ ಭಯ. 750 ಎಂ.ಎಲ್. ಬಾಟಲಿಯಲ್ಲಿ 150ರ ಐದು ಗ್ಲಾಸು. ಬಿರಡೆ ಬದಲು ತಿರುಗಣೆ ಮುಚ್ಚಳದ್ದು ತರಿಸಿ, ತೆರೆದದ್ದನ್ನು ಫ್ರಿಜ್ಜಿನಲ್ಲೇ ಇಟ್ಟರೆ ಮೂರು ದಿನ ತೊಂದರೆಯಿಲ್ಲ. ಮೂರು ದಿನದಲ್ಲಿ ಐದು ಜನ ಸಿಗುವುದಿಲ್ಲವೇ?

ಸಿಗುವುದಿಲ್ಲ ಅಂದರು ಸವದತ್ತಿಯಲ್ಲಿ ಖಾನಾವಳಿ ನಡೆಸುವ ಅಕ್ಕ. ನನ್ನ ಯೋಜನೆಯನ್ನು ಪೂರ್ತಿ ಕೇಳಿಸಿಕೊಂಡರು, ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. “ಅಣ್ಣಾರ, ಕುಡಿಯಾಕ ಬಿಟ್ರ ನಾಳೆ ಹೆಣ್ಮಕ್ಕಳು ಊಟಕ್ಕ ಬರೂದಿಲ್ರಿ. ಗುಡ್ಡಕ್ಕ ಬರೋ ಮಂದಿ ಮೊದಲ ಬರೂದಿಲ್ಲ.” ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಕುಡಿಯುವ ಕೋಣೆ ಅಂದರೆ ಕತ್ತಲ ಕೋಣೆ ಅಂತ ಊರೇ ಒಪ್ಪಿಕೊಂಡಿರುವಾಗ, ಬೆಳಕಿರುವ ಒಂದೇ ಕೋಣೆಯನ್ನು ಅವರು ಯಾಕೆ ಪಣಕ್ಕಿಡಬೇಕು? ಮೊದಲ ಹೆಜ್ಜೆ ಇಡಬೇಕಾದ್ದು ಅವರಲ್ಲ. ಈಗಾಗಲೇ ಸಿಎಲ್-9 ಕೈಯಲ್ಲಿರುವವರು ಒಂದು ಪರದೆ ತೆಗೆದು, ಒಂದು ಕಿಟಕಿ ಒರೆಸಿ, ರೊಟ್ಟಿ ಮಾಡುವವರನ್ನು ಕರೆಸಿದರೆ ಅಲ್ಲಿಂದ ಮಾತು ಶುರುವಾಗಬಹುದು.

ರಾಮದುರ್ಗದ ಒಬ್ಬರು ಅಷ್ಟನ್ನು ಮಾಡಿದ್ದಾರೆ, ವೈನಿಗಾಗಿ ಅಲ್ಲ, ಸೆಕೆಗಾಗಿ. ಹಿಂಭಾಗದ ಗೋಡೆ ಒಡೆದು ಬೇವಿನ ಮರದ ಕೆಳಗೆ ಆರು ಟೇಬಲ್ ಹಾಕಿದ್ದಾರೆ. ಪರದೆಯಿಲ್ಲ, ಕ್ಯಾಬಿನ್ನಿಲ್ಲ, ರಸ್ತೆಯಿಂದ ಹೋಗುವವರಿಗೆ ನೀವು ಕಾಣುತ್ತೀರಿ. ಅಲ್ಲಿ ಕೂತವರ ದನಿ ಒಳಗಿನವರಿಗಿಂತ ಮೆಲ್ಲಗಿತ್ತು. ಒಬ್ಬರು ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತು, ಹತ್ತಿಯ ರೇಟಿನ ಬಗ್ಗೆ ಮಾತಾಡುತ್ತ, ಒಂದೇ ಬಿಯರನ್ನು ಗಂಟೆಗಟ್ಟಲೆ ಹಿಡಿದಿದ್ದರು. ವೈನ್ ಕೇಳಿದೆ. ಪೋರ್ಟ್ ಇತ್ತು, ಸಿಹಿಯದು. ಸ್ಟೀಲ್ ಲೋಟದಲ್ಲಿ ಕೊಟ್ಟರು. ಬ್ಯಾಗಿನಲ್ಲಿ ಗೋಕಾಕದ ಕರದಂಟು ಇತ್ತು. ಅಂಟು, ಬೆಲ್ಲ, ಒಣಹಣ್ಣಿನ ಆ ಗಟ್ಟಿ ಸಿಹಿಗೆ ತಣ್ಣನೆಯ ಪೋರ್ಟು ಎಷ್ಟು ಚೆನ್ನಾಗಿ ಹೊಂದಿತೆಂದರೆ, ಮಾಣಿಗೂ ಒಂದು ತುಂಡು ಮುರಿದು ಕೊಟ್ಟೆ.

ನಾಲ್ಕು ಊರುಗಳಲ್ಲಿ ನಾನು ಶಿಫಾರಸು ಮಾಡುವುದು ಆ ಬೇವಿನ ಮರವೊಂದನ್ನೇ. ಹೆಂಡತಿಯನ್ನು ಕರೆದುಕೊಂಡು ಹೋಗಿಲ್ಲ. ಹೆಂಗಸರ ಶೌಚಾಲಯ ಇಲ್ಲ. ಗಂಡಸರದ್ದೂ ಇದೆ ಅನ್ನುವ ಹಾಗಿಲ್ಲ. ಹೋಗುವುದಾದರೆ ಸಂಜೆ ಏಳರೊಳಗೆ ಹೋಗಿ, ಕರದಂಟು ನೀವೇ ತಗೊಂಡು ಹೋಗಿ, ಮತ್ತು ಕೂತ ಕೂಡಲೇ ಬಾಟಲಿಯನ್ನು ಫ್ರಿಜ್ಜಿನಲ್ಲಿಡಲು ಹೇಳಿ. ಇಲ್ಲದಿದ್ದರೆ ಬಿಸಿಯಾಗಿಯೇ ತಂದುಕೊಡುತ್ತಾರೆ.