ಅಲೆ ಅಡಗಿದರೆ ಸಾಕೆ?

ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಸಮ್ಮಿಲನ ಯಂತ್ರವಾದ ಟೋಕಮಾಕ್‌ನಲ್ಲಿ ವೇಗದ ಕಣಗಳು ಎಬ್ಬಿಸುವ ಆಲ್ವೆನ್ ಅಲೆಗಳನ್ನು, ಅಂದರೆ ಕಾಂತರೇಖೆಗಳ ಕಂಪನಗಳನ್ನು, ಹತೋಟಿಗೆ ತರುವ ಮಾತು ಬಂದಾಗಲೆಲ್ಲ ಸ್ಯಾನ್ ಡಿಯಾಗೋದ ಡಿ-ತ್ರೀ-ಡಿ ಯಂತ್ರದ ಮೈಕ್ರೋವೇವ್ ಪ್ರಯೋಗವನ್ನು ಎತ್ತಿಹೇಳುತ್ತಾರೆ. ಪ್ರಯೋಗ ಒಳ್ಳೆಯದೇ. ಆದರೆ ಅದಕ್ಕೆ ಸಿಕ್ಕ ಹೆಸರು ಅದರ ಸಾಧನೆಗಿಂತ ದೊಡ್ಡದು.

ಅಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಬೇಕು. ಕಾಂತರೇಖೆಗಳ ತಿರುಚು ಅತಿ ಹೆಚ್ಚಿರುವ ಪದರವೊಂದು ಪ್ಲಾಸ್ಮಾದ ನಡುವಿನಿಂದ ತುಸು ಹೊರಗಿರುತ್ತದೆ. ಅಲ್ಲಿ ಹುಟ್ಟುವ ಅಲೆಯ ಕಂಪನಾಂಕ, ಪ್ಲಾಸ್ಮಾದ ವಿದ್ಯುತ್ ಪ್ರವಾಹ ಒಳಕ್ಕಿಳಿದಂತೆಲ್ಲ ಏರುತ್ತ ಹೋಗಿ, ಟೊರಾಯ್ಡಲ್ ಎಂಬ ಇನ್ನೊಂದು ಬಗೆಯ ಆಲ್ವೆನ್ ಅಲೆಯ ಕಂಪನಾಂಕವನ್ನು ಮುಟ್ಟುತ್ತದೆ. ಮೈಕ್ರೋವೇವ್ ಕಾವನ್ನು ನಡುವಿಗೆ ಕೊಟ್ಟಾಗ ಅಲೆ ಹಾಗೇ ಉಳಿಯಿತು. ಆ ಪದರದ ಬಳಿ ಕೊಟ್ಟಾಗ ಬಹುಮಟ್ಟಿಗೆ ಕಾಣೆಯಾಯಿತು. ಹೊಗಳುವವರು ಇಲ್ಲಿಗೇ ನಿಲ್ಲುತ್ತಾರೆ. ಅಲೆ ಕಾಣೆಯಾದ ಕಾರಣ ಸ್ಪಷ್ಟವಾದದ್ದು 2016ರ ವಿಶ್ಲೇಷಣೆಯಲ್ಲಿ. ಎಲೆಕ್ಟ್ರಾನ್‌ಗಳು ಬಿಸಿಯಾದಂತೆ ಆ ಅಲೆ ಆರಂಭವಾಗುವ ಕನಿಷ್ಠ ಕಂಪನಾಂಕವೇ ಮೇಲೇರುತ್ತದೆ; ಟೊರಾಯ್ಡಲ್ ಮಟ್ಟಕ್ಕೆ ಅದು ಹತ್ತಿರವಾದರೆ ಅಲೆಗೆ ಏರಲು ಎಡೆಯೇ ಉಳಿಯದು. ಅಂದರೆ ಅದನ್ನು ದೂಡುತ್ತಿದ್ದ ಕಣಗಳ ಒತ್ತಡಕ್ಕೆ ಇಲ್ಲಿ ಯಾರೂ ನೇರವಾಗಿ ಕೈಹಾಕಿಲ್ಲ. ನೀರಿನ ರಭಸ ತಗ್ಗಿಸದೆ ಒಂದು ಕಾಲುವೆ ಮುಚ್ಚಿದ ಹಾಗೆ. ಪಕ್ಕದ ಟೊರಾಯ್ಡಲ್ ಅಲೆ ಅದೇ ಕಣಗಳಿಂದ ಶಕ್ತಿ ಹೀರಲು ಅಡ್ಡಿಯೇನಿದೆ?

ಇದಕ್ಕೆ ಹೋಲಿಸಿದರೆ ಪ್ರಿನ್ಸ್‌ಟನ್‌ನ ಎನ್‌ಎಸ್‌ಟಿಎಕ್ಸ್-ಯು ಯಂತ್ರದ ಕೆಲಸಕ್ಕೆ ತಕ್ಕ ಗಮನ ಸಿಕ್ಕಿಲ್ಲ. 2017ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಕಾಂತರೇಖೆಗೆ ಹೆಚ್ಚು ಸಮಾನಾಂತರವಾಗಿ ಸಾಗುವ ಒಂದಷ್ಟು ವೇಗದ ಕಣಗಳನ್ನು ಕಣ ಹಾಯಿಸುವ ಹೊಸ ಬೀಮ್‌ನಿಂದ ಸೇರಿಸಿದ್ದೇ ತಡ, ಗ್ಲೋಬಲ್ ಎಂಬ ಮತ್ತೊಂದು ಬಗೆಯ ಆಲ್ವೆನ್ ಅಲೆಗಳು ಮಿಲಿಸೆಕೆಂಡುಗಳಲ್ಲಿ ಅಡಗಿದವು. ಬದಲಾದದ್ದು ಅಲೆಯನ್ನು ಪೋಷಿಸುವ ಕಣಸಮೂಹವೇ. ಸಮ್ಮಿಲನದಲ್ಲಿ ಹುಟ್ಟುವ 3.5 ಎಂಇವಿ (ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್) ಆಲ್ಫಾ ಕಣಗಳು ಎಲ್ಲ ದಿಕ್ಕಿಗೂ ಸಿಡಿಯುವುದರಿಂದ ಈ ಉಪಾಯವನ್ನು ಹಾಗೇ ನಕಲು ಮಾಡಲಾಗದು, ನಿಜ. ಆದರೂ ಬುಡಕ್ಕೆ ಕೈಹಾಕಿದ್ದು ಪ್ರಿನ್ಸ್‌ಟನ್‌ನವರೇ.

ಇನ್ನೊಂದು ಗುಂಪಿನ ವಾದ ನನ್ನನ್ನು ಹೆಚ್ಚು ಕೆಣಕುತ್ತದೆ. ಬ್ರಿಟನ್ನಿನ ಜೆಟ್ ಯಂತ್ರದ ಕುರಿತು 2022ರಲ್ಲಿ ಬಂದ ಅಧ್ಯಯನದಲ್ಲಿ, ಎಂಇವಿ ಅಯಾನ್‌ಗಳು ಎಬ್ಬಿಸಿದ ಟೊರಾಯ್ಡಲ್ ಅಲೆಗಳಿದ್ದಾಗಲೇ ಪ್ಲಾಸ್ಮಾದ ಪ್ರಕ್ಷುಬ್ಧತೆ ತಗ್ಗಿ, ಶಾಖ ಚೆನ್ನಾಗಿ ಉಳಿದದ್ದು ಕಂಡಿತು. ಅಮೂಲ್ಯ ಫಲಿತಾಂಶ. ಇದನ್ನು ಹಿಡಿದು ಅಲೆಗಳನ್ನು ತಡೆಯುವುದೇ ತಪ್ಪೆಂದು ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ. ನಿರುಪದ್ರವಿ ಅಲೆಗೆ ಪುರಾವೆ ಟಿಎಫ್‌ಟಿಆರ್ ಎಂಬ ಹಳೆಯ ಟೋಕಮಾಕ್‌ನಲ್ಲೂ ಇದೆ: 1997ರಲ್ಲಿ ವರದಿಯಾದ ಆಲ್ಫಾಪ್ರೇರಿತ ಅಲೆಗಳು ಬೀಮ್ ಆರಿಸಿದ ಮೇಲೆ ಕಂಡವು, ದುರ್ಬಲವಾಗಿದ್ದವು. ಆದರೆ ಅಲೆ ಬಲಿತು, ಹಲವು ಒಂದರ ಮೇಲೊಂದು ಹಾಯ್ದಾಗಲೇ ಕಣಗಳು ಗೋಡೆಯತ್ತ ಸಾಗುವುದು. ಎಷ್ಟು ಬಲದವರೆಗೆ ಬಿಡಬಹುದು ಎಂದು ಹೇಳದ ವಾದ ಅರ್ಧ ವಾದ.

ಈ ಪ್ರಶ್ನೆ ನಾಳಿನ ದೊಡ್ಡ ಟೋಕಮಾಕ್ ಐಟರ್‌ನಲ್ಲಿ ಇನ್ನೂ ಮುಖ್ಯ. ಅದರ ಗುರಿ 50 ಮೆಗಾವಾಟ್ ಕಾವು ಕೊಟ್ಟು 500 ಮೆಗಾವಾಟ್ ಸಮ್ಮಿಲನ ಶಕ್ತಿ ಪಡೆಯುವುದು. ಆ 500ರಲ್ಲಿ ಸುಮಾರು 100 ಮೆಗಾವಾಟ್ ಆಲ್ಫಾ ಕಣಗಳ ಪಾಲು. ಬೀಮ್ ಆರಿಸಿದಂತೆ ಅವನ್ನು ಆರಿಸಲು ಬಾರದು. ಅಲೆ ಅಡಗಿಸಲು ಪ್ಲಾಸ್ಮಾಕ್ಕೆ ಸುರಿಯುವ ಮೈಕ್ರೋವೇವ್ ಕೂಡ ಕೊಟ್ಟ ಕಾವಿನ ಲೆಕ್ಕಕ್ಕೇ ಸೇರುತ್ತದೆ. ಡಿ-ತ್ರೀ-ಡಿ ಪ್ರಯೋಗವನ್ನು ಹೊಗಳುವ ಬರಹಗಳಲ್ಲಿ ನಾನು ಹುಡುಕುವುದು ಆ ಲೆಕ್ಕವನ್ನು: ಎಷ್ಟು ಮೆಗಾವಾಟ್ ಖರ್ಚಾಗಿ ಎಷ್ಟು ಆಲ್ಫಾಶಕ್ತಿ ಒಳಗುಳಿಯುತ್ತದೆ?