ತಟ್ಟೆಯ ತಳದಲ್ಲಿ ಸಾವು

ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್ ಪ್ರಾಂತದ ಕುಂಬಾರಿಕೆಯ ಊರುಗಳಲ್ಲಿ 19ನೆಯ ಶತಮಾನದುದ್ದಕ್ಕೂ ಮಕ್ಕಳಿಗೆಂದೇ ಪುಟ್ಟ ತಟ್ಟೆಗಳೂ ಬಟ್ಟಲುಗಳೂ ಅಪಾರವಾಗಿ ತಯಾರಾದವು. ಅಂಚಿನಲ್ಲಿ ಉಬ್ಬು ಹೂಗಳ ಸಾಲು ಅಥವಾ ಅಕ್ಷರಮಾಲೆ. ನಡುವೆ ಒಂದು ಚಿತ್ರ. ಕೆಲವದರ ಮೇಲೆ ಒಳ್ಳೆಯ ಹುಡುಗನಿಗೆ ಇದು ಉಡುಗೊರೆ ಎಂಬ ಬರಹ. ದೂರದಿಂದ ಇವು ಮುದ್ದು ವಸ್ತುಗಳೇ. ಹತ್ತಿರ ಹಿಡಿದು ನೋಡಿದಾಗ ಮನಸ್ಸು ಹಿಂಜರಿಯುತ್ತದೆ.

ಕಾಕ್ ರಾಬಿನ್ ಎಂಬ ಹಕ್ಕಿಯ ಕೊಲೆಯನ್ನು ಹೇಳುವ ಶಿಶುಪದ್ಯ ಅಲ್ಲಿ ಮನೆಮಾತು. ಗುಬ್ಬಿ ಬಾಣ ಬಿಟ್ಟು ಕೊಲ್ಲುತ್ತದೆ, ಮೀನು ನೆತ್ತರನ್ನು ಪುಟ್ಟ ಪಾತ್ರೆಯಲ್ಲಿ ಹಿಡಿಯುತ್ತದೆ, ಗೂಬೆ ಗುಣಿ ತೋಡುತ್ತದೆ. ಈ ಪ್ರಸಂಗ ಉಣ್ಣುವ ತಟ್ಟೆಯ ಮೇಲೂ ಬಂದಿತು. ಆದರೂ ಅದನ್ನು ಕ್ರೂರವೆಂದು ತಳ್ಳಿಹಾಕಲಾಗದು. ಸತ್ತ ಒಂದು ಹಕ್ಕಿಗಾಗಿ ಆಕಾಶದ ಹಕ್ಕಿಗಳೆಲ್ಲ ಅಳುವ ಕಥೆಯದು.

1847ರಲ್ಲಿ ಜಾರ್ಜ್ ಕ್ರೂಕ್‌ಶ್ಯಾಂಕ್ ರಚಿಸಿದ ‘ದಿ ಬಾಟಲ್’ ಎಂಬ 8 ಚಿತ್ರಗಳ ಮಾಲಿಕೆಯ ಮಾತು ಬೇರೆ. ಕುಡಿತದಿಂದ ಮನೆ ಹಾಳಾಗುತ್ತದೆ, ಎಳೆಯ ಕೂಸು ಸಾಯುತ್ತದೆ, ಗಂಡ ಅದೇ ಸೀಸೆಯಿಂದ ಹೆಂಡತಿಯನ್ನು ಕೊಲ್ಲುತ್ತಾನೆ, ಕೊನೆಗೆ ಹುಚ್ಚನಾಗುತ್ತಾನೆ. ಮದ್ಯಪಾನ ವಿರೋಧಿಸುವ ಸದುದ್ದೇಶದ ಈ ದೃಶ್ಯಗಳೂ ಮಕ್ಕಳ ತಟ್ಟೆಗಿಳಿದವು. ತಂದೆ ಮಾಡಬಹುದಾದ ತಪ್ಪಿಗೆ ಮಗುವಿನ ತುತ್ತಿನಡಿಯಲ್ಲಿ ಎಚ್ಚರಿಕೆ! ಇಲ್ಲಿ ಹುಟ್ಟುವುದು ಭಯವೇ ಹೊರತು ಸಂಯಮವಲ್ಲ.

ಕನ್ನಡದ ಓದುಗರಿಗೆ ಜನ್ನನ ‘ಯಶೋಧರ ಚರಿತೆ’ಯ (1209) ಹಿಟ್ಟಿನ ಕೋಳಿ ನೆನಪಾಗಬಹುದು. ಆ ಹೋಲಿಕೆಯನ್ನು ಬಹುದೂರ ಎಳೆಯುವಂತಿಲ್ಲ. ಯಶೋಧರನಲ್ಲಿ ಬಲಿಗೊಡುವ ಸಂಕಲ್ಪವಿತ್ತು. ತಟ್ಟೆ ಬರಿದಾದಂತೆ ಚಿತ್ರ ಕಾಣುವ ಮಗುವಿನಲ್ಲಿ ಅಂಥದೇನೂ ಇಲ್ಲ. ಸಂಕಲ್ಪವನ್ನು ಹುಡುಕಬೇಕಾದುದು ಕಾರ್ಖಾನೆಯಲ್ಲಿ.

ತಾಮ್ರದ ಹಲಗೆಯ ಮೇಲೆ ಕೊರೆದ ಚಿತ್ರವನ್ನು ತೆಳುಕಾಗದಕ್ಕೆ ಅಚ್ಚೊತ್ತಿ, ಕಾಗದವನ್ನು ಸುಟ್ಟ ಮಣ್ಣಿನ ತಟ್ಟೆಗೆ ಒತ್ತಿ ಚಿತ್ರ ಇಳಿಸುವುದು ಅಂದಿನ ಕ್ರಮ. ಆ ಕಾಗದವನ್ನು ಕತ್ತರಿಸುತ್ತಿದ್ದವರು ಹೆಣ್ಣುಮಕ್ಕಳು. ಹಸಿ ತಟ್ಟೆಯನ್ನು ಅಚ್ಚಿನೊಡನೆ ಹೊತ್ತು ಕಾದ ಒಣಕೋಣೆಗೆ ದಿನವಿಡೀ ಓಡಾಡುತ್ತಿದ್ದವರು ಹುಡುಗರು. ಅವರಲ್ಲಿ ಹತ್ತು ತುಂಬದವರೂ ಇದ್ದರು. ಮೆರುಗಿನ ದ್ರಾವಣದಲ್ಲಿ ಸೀಸವಿತ್ತು. ಪಾತ್ರೆಗಳನ್ನು ಅದರಲ್ಲಿ ಅದ್ದುವವರ ಮೈಗೆ ವಿಷವೇರುತ್ತಿತ್ತು. ಸ್ಯಾಮ್ಯುಯಲ್ ಸ್ಕ್ರಿವೆನ್ 1841ರಲ್ಲಿ ಸರ್ಕಾರಿ ವಿಚಾರಣೆಗೆ ಬಂದು ಈ ಮಕ್ಕಳ ಹೇಳಿಕೆಗಳನ್ನು ಬರೆದುಕೊಂಡನು.

ಬೆಂಜಮಿನ್ ಫ್ರಾಂಕ್ಲಿನ್‌ನ ಹಿತನುಡಿಗಳ ಚಿತ್ರಗಳೂ ಇಂಥ ತಟ್ಟೆಗಳ ಮೇಲೆ ಧಾರಾಳವಾಗಿವೆ: ಬೇಗ ಏಳಬೇಕು, ದುಡಿಯಬೇಕು, ಸೋಮಾರಿಯಾಗಬಾರದು. ಅವನ್ನು ಹೊತ್ತು ಓಡುತ್ತಿದ್ದ ಹುಡುಗನಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಸೀಸೆಯ ಭೀಕರತೆಯನ್ನು ಅಷ್ಟು ಸ್ಪಷ್ಟವಾಗಿ ಕಂಡ ತಟ್ಟೆಗಳಲ್ಲಿ ಕುಲುಮೆಯ ಬಳಿಯ ಈ ಮಗುವಿಗೆ ಎಡೆ ದೊರೆಯಲಿಲ್ಲ. ಕುಂಬಾರಿಕೆಯ ಕಾರ್ಖಾನೆಗಳಿಗೆ ಕಾಯಿದೆ ಅನ್ವಯವಾದುದು 1864ರಲ್ಲಿ. ‘ದಿ ಬಾಟಲ್’ ಹೊರಬಂದು ಆಗಲೇ 17 ವರ್ಷ ಕಳೆದಿದ್ದವು.